ರಿಚ್ಮಂಡ್ ಪಾರ್ಕಿನಲ್ಲಿ ಒಂದು ರೌಂಡ್

ಹೊರಡುವ ಮೊದಲು, ನಮ್ಮ ಪಾರ್ಕು

ಲಂಡನ್ನಿನ ವಿಷಯ ಹೇಳುವ ಮೊದಲು ಜಯನಗರದ ನಮ್ಮ ಪಾರ್ಕಿನ ವಿಷಯ ಸ್ವಲ್ಪ ಹೇಳಬೇಕು. ಮನೆಯಿಂದ ಎರಡು ಕ್ರಾಸ್ ದಾಟಿದರೆ ಸಿಗುವ ಈ ಪಾರ್ಕು ಅಷ್ಟೇನೂ ದೊಡ್ಡದಲ್ಲ. ಒಂದು ರೌಂಡ್ ಹಾಕಿ ಮುಗಿಸುವಷ್ಟರಲ್ಲಿ ಎದುರಿನ ದರ್ಶಿನಿಯಲ್ಲಿ ಕಾಫಿ ಕೂಡ ಕೈಗೆ ಬಂದಿರುವುದಿಲ್ಲ. ಅಲ್ಲಿ ನಡೆಯುವವರೆಲ್ಲ ಒಂದೇ ದಿಕ್ಕಿನಲ್ಲಿ ನಡೆಯಬೇಕು. ದೇವಸ್ಥಾನದ ಪ್ರದಕ್ಷಿಣೆಯ ಹಾಗೆ, ನಡುವಿನ ಹುಲ್ಲುಹಾಸು ಬಲಗಡೆಗೆ ಇರಬೇಕು. ಗೇಟಿನಲ್ಲಿ ಹಾಗೆಂದು ಬೋರ್ಡಿದೆ. ಬೋರ್ಡು ಹಾಕಿಸಿದವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಎಂಜಿನಿಯರಾಗಿ ರಸ್ತೆಗಳನ್ನು ಹಾಕಿಸಿ ನಿವೃತ್ತರಾದವರು. ಈಗ ಅವರ ಆಳ್ವಿಕೆಗೆ ಉಳಿದಿರುವ ರಸ್ತೆ ಈ ಪಾರ್ಕಿನ ವಾಕಿಂಗ್ ಟ್ರ್ಯಾಕ್ ಒಂದೇ.

ನಾನು ಮಾತ್ರ ಎದುರು ದಿಕ್ಕಿನಿಂದ ನಡೆಯುತ್ತೇನೆ. ಅದಕ್ಕೊಂದು ಕಾರಣವಿದೆ. ಫೋರ್ತ್ ಬ್ಲಾಕಿನಲ್ಲಿ ಬಹಳ ವರ್ಷ ಕನ್ನಡಕದ ಅಂಗಡಿ ನಡೆಸಿದವನು ನಾನು. ಎಲ್ಲರ ಜೊತೆ ನಡೆದರೆ ಕಾಣುವುದು ಬೆನ್ನು. ಕನ್ನಡಕದವನಿಗೆ ಬೆನ್ನು ಕಟ್ಟಿಕೊಂಡು ಏನಾಗಬೇಕು? ಎದುರಿನಿಂದ ಹೋದರೆ ಮುಖ ಕಾಣುತ್ತದೆ, ಮುಖದ ಮೇಲಿನ ಫ್ರೇಮು ಕಾಣುತ್ತದೆ, ಯಾರಿಗೆ ರಾತ್ರಿ ನಿದ್ದೆ ಬಂದಿಲ್ಲ ಎಂಬುದೂ ಗೊತ್ತಾಗುತ್ತದೆ. ಪ್ರತಿ ರೌಂಡಿನಲ್ಲೂ ಎದುರಾಗುವ ಭಾವ ಪ್ರತಿ ಸಲವೂ ಬೋರ್ಡಿನ ಕಡೆ ಕೈ ತೋರಿಸಿ, "ಓದೋಕೆ ಬರಲ್ವೇನೋ ಪ್ರಭ? ಊರಿಗೆಲ್ಲ ಕನ್ನಡಕ ಮಾರಿದ್ದೀಯ, ನೀನೂ ಒಂದು ಹಾಕ್ಕೊ" ಎನ್ನುತ್ತಿದ್ದರು. ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಇದು ಬೆಳಗಿನ ಸುಪ್ರಭಾತದಷ್ಟೇ ಖಾಯಂ ಆಗಿತ್ತು.

ಭಾವನವರದು ಇನ್ನೊಂದು ಕಟ್ಟಳೆಯಿದೆ. ಶುರು ಮಾಡಿದ ರೌಂಡನ್ನು ಅರ್ಧಕ್ಕೆ ಬಿಟ್ಟು ಹಿಂದಕ್ಕೆ ತಿರುಗುವ ಹಾಗಿಲ್ಲ. ಒಮ್ಮೆ ರೌಂಡ್ ಆಗಷ್ಟೇ ಶುರುವಾಗಿದ್ದಾಗ ಮನೆಗೆ ಬೀಗರು ಬಂದಿದ್ದಾರೆಂದು ಅಕ್ಕ ಫೋನು ಮಾಡಿದಳು. ಹಿಂದಿರುಗಿದ್ದರೆ ಗೇಟು ಹತ್ತು ಮಾರಿನಲ್ಲಿತ್ತು. ಇವರು ಪೂರ್ತಿ ಸುತ್ತಿ ಬಂದೇ ಮನೆಗೆ ಹೋದರು. ಬೀಗರು ಕಾಯುತ್ತಾ ಎರಡನೇ ಲೋಟ ಕಾಫಿ ಕುಡಿದರು.

ಹೋಟೆಲು

ಹೋದ ವರ್ಷ ಭಾವನಿಗೆ ಸ್ಟೆಂಟ್ ಹಾಕಿದರು. ಸಮತಟ್ಟಾದ ಕಡೆ ಸ್ವಲ್ಪ ಹೊತ್ತು ನಡೆಯಬಹುದು, ಏರು ಹತ್ತಬಾರದು, ಎದೆ ಹಿಡಿದಂತಾದರೆ ಕೂತು ಒಂದು ಮಾತ್ರೆ ನಾಲಿಗೆಯಡಿ ಇಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಜಯನಗರ, ಬನಶಂಕರಿ, ಜೆ.ಪಿ. ನಗರದ ಕೆಲವರು ಸೇರಿ, ಅಡುಗೆಯವರನ್ನೂ ಕಟ್ಟಿಕೊಂಡು ಮೇ ತಿಂಗಳಲ್ಲಿ ಹೊರಟ ಟೂರಿಗೆ ಅಕ್ಕ ಹೆಸರು ಕೊಟ್ಟಿದ್ದು ಡಾಕ್ಟರು ಹೂಂ ಅಂದ ಮೇಲೆಯೇ. ವಿಮಾನವೆಂದರೆ ಆಗದ ನನ್ನ ಹೆಂಡತಿ ಮನೆಯಲ್ಲೇ ಉಳಿದಳು. ನನ್ನನ್ನು ಅಕ್ಕ ಎಳೆದುಕೊಂಡು ಹೋದಳು. ಹೆಸರಿಗೆ ಪ್ರವಾಸಿ, ಕೆಲಸಕ್ಕೆ ಭಾವನ ಕಾವಲುಗಾರ.

ಲಂಡನ್ನಿನ ಮೂರನೆಯ ದಿನ ಗುಂಪು ಮೇಣದ ಬೊಂಬೆಗಳನ್ನು ನೋಡಲು ಹೊರಟಿತು. ನಿಜವಾದ ದೊಡ್ಡ ಮನುಷ್ಯರನ್ನು ಸರ್ವಿಸಿನಲ್ಲಿ ನೋಡಿ ಸಾಕಾಗಿದೆ, ಮೇಣದವರನ್ನು ಬೇರೆ ನೋಡಬೇಕೇ ಎಂದು ಭಾವ ಹಟ ಹಿಡಿದರು. ಒಂದು ಒಳ್ಳೆಯ ಪಾರ್ಕು ತೋರಿಸು ಎಂದರು. ಹೋಟೆಲಿನ ಹುಡುಗಿ ರಿಚ್ಮಂಡ್ ಪಾರ್ಕಿನ ಹೆಸರು ಹೇಳಿದಳು. ನಮಗೆ ರಿಚ್ಮಂಡ್ ಎಂದರೆ ಒಂದು ಸರ್ಕಲ್ಲು, ಒಂದು ಫ್ಲೈಓವರು, ಆ ಫ್ಲೈಓವರಿನ ಮೇಲೆ ಒಂದು ಸಿಗ್ನಲ್ಲು. ಆ ಹೆಸರಿಗೊಂದು ಕಾಡು ಇರಬಹುದೆಂದು ಯೋಚಿಸಿದವರಲ್ಲ.

ಅಕ್ಕ ಲಾಬಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದಳು. ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಅಂಗಿಯ ಜೇಬಿಗೆ ಹಾಕಿದಳು.

"ಇದು ನಿನ್ನ ಹತ್ರಾನೇ ಇರ್ಲಿ ಪ್ರಭ. ಇವರು ಎಲ್ಲಾದ್ರೂ ಬಿಟ್ಟು ಬರ್ತಾರೆ. ಏರು ಹತ್ತಿಸ್ಬೇಡ. ಕಣ್ಣಿಂದ ಮರೆ ಮಾಡ್ಬೇಡ."

ನಾನು ತಲೆಯಾಡಿಸಿದೆ. ಅಕ್ಕ ತಾನೇ ಹೆಣೆದ ಸಾಸಿವೆ ಹಳದಿಯ ಮಫ್ಲರನ್ನು ಭಾವನ ಕತ್ತಿಗೆ ಎರಡು ಸುತ್ತು ಸುತ್ತಿದಳು. ಹೊರಗೆ ಲಂಡನ್ನಿನ ಜನ ಸೆಖೆಯೆಂದು ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದರು.

ರಿಚ್ಮಂಡ್ ಗೇಟ್

ರೈಲು ಇಳಿದು ಬಸ್ಸು ಹತ್ತಿ ಪಾರ್ಕಿನ ಗೇಟಿಗೆ ಬಂದೆವು. ಗೇಟಿನ ಪಕ್ಕದಲ್ಲಿ ದೊಡ್ಡದೊಂದು ನಕ್ಷೆಯಿತ್ತು. ಪಾರ್ಕಿಗೆ ಮ್ಯಾಪ್ ಯಾಕೋ ಎಂದು ಭಾವ ಅದರ ಮುಂದೆ ನಿಲ್ಲದೆ ನಡೆದರು. ನಾನೂ ನಿಲ್ಲಲಿಲ್ಲ. ಪಾರ್ಕು ಅಂದ ಮೇಲೆ ಒಳಗೆ ಹೋಗುವುದು, ಸುತ್ತುವುದು, ಹೊರಗೆ ಬರುವುದು ಎಂದೇ ನಮ್ಮಿಬ್ಬರ ಲೆಕ್ಕವಿತ್ತು.

ಒಳಗೆ ಹೋದರೆ ಕಣ್ಣಿಗೆ ನಿಲುಗಡೆಯೇ ಇಲ್ಲ. ಮೊಣಕಾಲುದ್ದದ ಹುಲ್ಲು, ಹುಲ್ಲಿನಾಚೆ ಓಕ್ ಮರಗಳು, ಅವುಗಳಾಚೆ ಇನ್ನಷ್ಟು ಹುಲ್ಲು. ಕೆಲವು ಓಕುಗಳಿಗೆ ಎಷ್ಟು ವಯಸ್ಸಾಗಿತ್ತೆಂದರೆ ಹೊಟ್ಟೆ ಪೂರ್ತಿ ಟೊಳ್ಳಾಗಿ, ತೊಗಟೆಯ ಮೇಲೆ ಮಾತ್ರ ಚಿಗುರಿಕೊಂಡು ನಿಂತಿದ್ದವು. ಬಿದ್ದ ಮರಗಳನ್ನು ಬಿದ್ದಲ್ಲೇ ಬಿಟ್ಟಿದ್ದರು. ದುಂಬಿಗಳು ಅದರೊಳಗೆ ಬಾಳುವೆ ಮಾಡುತ್ತವಂತೆ, ಮುಟ್ಟಬೇಡಿ ಎಂದು ಬೋರ್ಡಿತ್ತು. ನಮ್ಮಲ್ಲಿ ಮಳೆಗೆ ಮರ ಬಿದ್ದರೆ ಮೊದಲು ಕಾರಿನ ಮೇಲೆ ಬೀಳುತ್ತದೆ, ಆಮೇಲೆ ಟಿ.ವಿ.ಯಲ್ಲಿ ಬರುತ್ತದೆ, ಸಂಜೆಯೊಳಗೆ ತುಂಡಾಗಿ ಲಾರಿ ಹತ್ತಿರುತ್ತದೆ. ಬಿದ್ದ ಮೇಲೂ ಅದಕ್ಕೊಂದು ಬದುಕಿದೆ ಎಂದು ನನಗೆ ತಿಳಿದದ್ದು ಅಲ್ಲಿಯೇ.

ಜನ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಲಾಲ್‌ಬಾಗಿನಲ್ಲಾಗಿದ್ದರೆ ವಾಚ್‌ಮನ್ ಇಷ್ಟು ಹೊತ್ತಿಗೆ ಸೀಟಿ ಊದಿ ಊದಿ ಸುಸ್ತಾಗಿರುತ್ತಿದ್ದ. ಭಾವ ಅತ್ತಿತ್ತ ನೋಡಿ, ಇಷ್ಟು ದೊಡ್ಡ ಪಾರ್ಕಿಗೆ ಒಬ್ಬನೇ ಒಬ್ಬ ವಾಚ್‌ಮನ್ ಇಲ್ಲವಲ್ಲ ಎಂದು ಕೊರಗಿದರು. ಅಷ್ಟರಲ್ಲಿ ತಲೆಯ ಮೇಲೆ ಕೀಚು ಕೀಚೆಂದು ಹಸಿರು ಹಕ್ಕಿಗಳ ಹಿಂಡೊಂದು ಹಾರಿ ಹೋಯಿತು. ನೋಡಿದರೆ ಗಿಳಿಗಳು, ಅದೇ ಉದ್ದ ಬಾಲ, ಅದೇ ಕತ್ತಿನ ಪಟ್ಟಿ, ಅದೇ ಜಗಳಗಂಟ ದನಿ. ವಿಲ್ಸನ್ ಗಾರ್ಡನ್ನಿನ ಕಡೆಯಿಂದ ಸಂಜೆ ಲಾಲ್‌ಬಾಗಿಗೆ ಮಲಗಲು ಬರುವ ಗಿಳಿಗಳು ಲಂಡನ್ನಿನಲ್ಲಿ ಏನು ಮಾಡುತ್ತಿದ್ದವೋ. ಭಾವ ನಿಂತು ಬಾಯಿ ತೆರೆದು ನೋಡಿದರು. "ನಮ್ಮವೇ ಕಣೋ" ಎಂದರು. ಅವರ ಮುಖದಲ್ಲಿ ಅಷ್ಟು ಖುಷಿ ನೋಡಿ ಬಹಳ ದಿನವಾಗಿತ್ತು. ಸ್ಟೆಂಟ್ ಆದ ಮೇಲೆ ಅವರು ಸ್ವಲ್ಪ ಮಂಕಾಗಿದ್ದರು.

ಕಾಫಿಯ ಬೆಂಚು

ಗೇಟಿನಿಂದ ಸ್ವಲ್ಪ ದೂರದಲ್ಲಿ ಹಳೆಯದೊಂದು ಬಂಗಲೆಯಿದೆ. ಸುತ್ತ ಹೂತೋಟ, ಒಳಗೆ ಕಾಫಿ ತಿಂಡಿ. ಕಾಫಿಗೆ ಉದ್ದನೆಯ ಸಾಲಿತ್ತು. ಇಲ್ಲಿಯವರಿಗೆ ಸಾಲಿನಲ್ಲಿ ನಿಲ್ಲುವುದೆಂದರೆ ಪ್ರೀತಿ. ಮುಂದಿನವರು ಯಾಕೆ ತಡ ಮಾಡುತ್ತಿದ್ದಾರೆಂದು ಇಣುಕಿಯೂ ನೋಡುವುದಿಲ್ಲ. ಭಾವನಿಗೆ ಅಷ್ಟು ತಾಳ್ಮೆಯಿಲ್ಲ.

"ನೀನು ಕಾಫಿ ತಗೊಂಡಿರು. ನಾನು ಒಂದು ರೌಂಡ್ ಹಾಕ್ಕೊಂಡು ಬಂದ್ಬಿಡ್ತೀನಿ" ಎಂದರು.

ಆಗಲಿ ಭಾವ ಎಂದೆ. ಆ ಮಾತು ನಮ್ಮ ಪಾರ್ಕಿನಲ್ಲಿ ದಿನಾ ಕೇಳುವ ಮಾತು. ನೆಲ ಸಮತಟ್ಟಾಗಿಯೇ ಕಾಣುತ್ತಿತ್ತು. ಹುಲ್ಲಿನ ಅಂಚಿನಲ್ಲಿ ಅಚ್ಚುಕಟ್ಟಾದ ಕಾಲುದಾರಿ ಬೇರೆ ಇತ್ತು. ಅವರು ಪಾರ್ಕನ್ನು ಬಲಗಡೆಗೆ ಇಟ್ಟುಕೊಂಡು, ಕೈ ಬೀಸುತ್ತಾ, ಬಂದ ಗೇಟಿನ ಕಡೆಗೇ ಹೊರಟರು. ಸಾಸಿವೆ ಬಣ್ಣದ ಮಫ್ಲರು ಸ್ವಲ್ಪ ಹೊತ್ತು ಕಂಡು ಮರಗಳ ನಡುವೆ ಮರೆಯಾಯಿತು.

ಎರಡು ಕಾಫಿ ಹಿಡಿದು ಬಂದು ಒಂದು ಬೆಂಚಿನ ಮೇಲೆ ಕೂತೆ. ನಮ್ಮ ಕಡೆಯೂ ಪಾರ್ಕಿನ ಬೆಂಚಿನ ಮೇಲೆ ಹೆಸರಿರುತ್ತದೆ, ದಾನಿಗಳದ್ದೋ ಕಾರ್ಪೊರೇಟರರದ್ದೋ. ಇಲ್ಲಿಯ ಬೆಂಚಿನ ಹಿತ್ತಾಳೆ ಪಟ್ಟಿಯ ಮೇಲಿದ್ದದ್ದು ತೀರಿಹೋದ ಒಬ್ಬರ ಹೆಸರು. ಈ ಜಾಗವೆಂದರೆ ಅವರಿಗೆ ಪ್ರಾಣವಾಗಿತ್ತು ಎಂದು ಬರೆದಿತ್ತು. ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬ ತೀರಿಹೋದವರು. ಒಳ್ಳೆಯ ಪದ್ಧತಿ ಎಂದುಕೊಂಡು ನನ್ನ ಕಾಫಿ ಕುಡಿದು ಮುಗಿಸಿದೆ. ಭಾವನದು ಆರಿತು. ಅದನ್ನೂ ಕುಡಿದೆ. ಭಾವ ಬರಲಿಲ್ಲ.

ಪಕ್ಕದ ಬೆಂಚಿನಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರನ್ನು, ಈ ಪಾರ್ಕಿಗೆ ಒಂದು ರೌಂಡ್ ಹಾಕಲು ಎಷ್ಟು ಹೊತ್ತು ಬೇಕಾಗುತ್ತದೆಂದು ಕೇಳಿದೆ. ಆಮೆಚಿಪ್ಪಿನ ಬಣ್ಣದ ಹಳೆಯ ಫ್ರೇಮು, ಎಡಗಡೆಯ ಸ್ಕ್ರೂ ಸಡಿಲವಾಗಿತ್ತು. ಅದನ್ನು ಬೆರಳಿನಿಂದ ಮೇಲೆ ತಳ್ಳಿಕೊಂಡು, ಇಲ್ಲಿಯವರು ಕೆಟ್ಟ ಸುದ್ದಿ ಹೇಳುವಾಗ ಮಾಡುವಂತೆ ಮೊದಲು ಕ್ಷಮೆ ಕೇಳಿ, ಚುರುಕಾಗಿ ನಡೆದರೆ ಮೂರು ಗಂಟೆಯಾದರೂ ಬೇಕು ಎಂದರು. ಯಾಕೆ ಕೇಳಿದಿರಿ ಎಂದರು. ಹೇಳಿದೆ. ಅವರು ಪತ್ರಿಕೆ ಮಡಚಿಟ್ಟು ಫೋನಿನಲ್ಲಿ ನಕ್ಷೆ ತೆಗೆದರು. ಭಾವ ಹೋದ ದಿಕ್ಕಿನಲ್ಲಿ ಬೆರಳು ಎಳೆಯುತ್ತಾ, ಇಲ್ಲಿಯವರೆಗೆ ಪರವಾಗಿಲ್ಲ, ಇಲ್ಲೊಂದು ಗುಡ್ಡವಿದೆ, ಅದು ಸ್ವಲ್ಪ ಕಡಿದಾದ ಏರು ಎಂದರು.

ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಮಾತ್ರೆಯ ಪಟ್ಟಿ ಅಲ್ಲೇ ಇತ್ತು.

ಎದುರು ದಾರಿ

ನನ್ನದೂ ಭಾವನದೂ ಫೋನುಗಳು ಹೋಟೆಲಿನ ವೈಫೈ ಸಿಕ್ಕರೆ ಮಾತ್ರ ಜೀವ ಹಿಡಿಯುವಂಥವು. ಅಲ್ಲಿಯ ಸಿಮ್ ಹಾಕಿಸಿದ್ದು ಅಕ್ಕನ ಫೋನಿಗೆ ಒಂದಕ್ಕೇ. ಅಕ್ಕನಿಗೆ ಸುದ್ದಿ ಮುಟ್ಟಿಸುವುದಕ್ಕೂ ಭಯವಾಯಿತು. ಹಿಂದೆಯೇ ಓಡಿ ಹಿಡಿಯೋಣವೆಂದರೆ ಅವರು ಹೊರಟು ಬಹಳ ಹೊತ್ತಾಗಿತ್ತು, ನನ್ನ ಮಂಡಿಗೂ ಅಂಥ ಹುರುಪಿಲ್ಲ. ಇನ್ಯಾರಾದರೂ ಆಗಿದ್ದರೆ ದೂರ ಜಾಸ್ತಿಯಾಯಿತೆಂದು ಅರ್ಧ ದಾರಿಯಲ್ಲಿ ತಿರುಗಿ ಬರುತ್ತಿದ್ದರು. ಭಾವ ತಿರುಗುವುದಿಲ್ಲ. ಅವರು ಪ್ರದಕ್ಷಿಣೆಯನ್ನು ಪೂರೈಸುತ್ತಾರೆ, ಏರಿದ್ದರೆ ಏರಿಯೇ ಪೂರೈಸುತ್ತಾರೆ. ಆದ್ದರಿಂದ ಎದುರಿನಿಂದ ಹೋದರೆ ಸಿಕ್ಕೇ ಸಿಗುತ್ತಾರೆ ಎಂದು ತೀರ್ಮಾನಿಸಿ ಮತ್ತೊಂದು ದಿಕ್ಕಿಗೆ ಹೊರಟೆ. ಬೋರ್ಡು ಏನೇ ಹೇಳಲಿ, ನನಗೆ ಗೊತ್ತಿದ್ದ ದಾರಿ ಅದೊಂದೇ.

ಆ ದಾರಿಯ ಚೆಲುವನ್ನು ನಾನು ಬೇರೊಂದು ದಿನ ನೋಡಿದ್ದರೆ ಚೆನ್ನಾಗಿ ಬರೆಯುತ್ತಿದ್ದೆ. ಕಾಡೊಳಗೆ ಜರೀಗಿಡಗಳ ಎಳೆ ಸುರುಳಿಗಳು ಬಿಚ್ಚಿಕೊಳ್ಳುತ್ತಿದ್ದವು. ಜಿಂಕೆಗಳು ರಸ್ತೆ ದಾಟುತ್ತಿದ್ದವು, ಕಾರುಗಳು ಹಾರನ್ ಮಾಡದೆ ಸಾಲಾಗಿ ಕಾಯುತ್ತಿದ್ದವು. ನಮ್ಮ ಬಿ.ಟಿ.ಎಂ. ಲೇಔಟಿನಲ್ಲಿ ಹಸುಗಳಿಗೆ ಸಲ್ಲುವ ಮರ್ಯಾದೆ ಅದು, ಹಾರನ್ ಒಂದು ಕಡಿಮೆ. ನಾನು ಜಿಂಕೆಯನ್ನು ನೋಡಲಿಲ್ಲ. ಎದುರು ಬಂದ ಪ್ರತಿಯೊಂದು ಮುಖವನ್ನೂ ನೋಡಿದೆ. ಉದ್ದ ಮುಖ, ಕೆಂಪು ಮುಖ, ನಾಯಿಯ ಜೊತೆ ಮಾತಾಡುವ ಮುಖ. ಕನ್ನಡಕ ಮಾರುತ್ತಿದ್ದ ಕಾಲದಲ್ಲೂ ಅಷ್ಟು ಮುಖಗಳನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ. ಎಲ್ಲರನ್ನೂ ನಿಲ್ಲಿಸಿ ಹಳದಿ ಮಫ್ಲರಿನ ಇಂಡಿಯನ್ ಯಜಮಾನರನ್ನು ನೋಡಿದಿರಾ ಎಂದು ಕೇಳಿದೆ. ಎಲ್ಲರೂ ನಿಂತು, ನೆನಪು ಮಾಡಿಕೊಂಡು, ಇಲ್ಲವೆಂದು ನೊಂದುಕೊಂಡರು.

ನಮ್ಮ ಪಾರ್ಕಿನಲ್ಲಿ ಟ್ರ್ಯಾಕ್ ಒಂದೇ. ಎದುರಾದರೆ ತಪ್ಪಿಸಿಕೊಳ್ಳುವ ಹಾಗಿಲ್ಲ, ಸಾಲ ಕೊಟ್ಟವರಿಂದಲೂ. ಇಲ್ಲಿ ದಾರಿ ಕವಲೊಡೆಯುತ್ತಿತ್ತು. ಒಂದು ಗೋಡೆಯ ಪಕ್ಕಕ್ಕೆ, ಒಂದು ಮರಗಳ ಒಳಕ್ಕೆ. ನಾನು ಈ ದಾರಿಯಲ್ಲಿರುವಾಗ ಭಾವ ಆ ದಾರಿಯಲ್ಲಿ ದಾಟಿ ಹೋಗಿದ್ದರೆ? ಅಥವಾ ದಾಟದೆ ಎಲ್ಲೋ ಬಿದ್ದಿದ್ದರೆ? ಎರಡು ಗೇಟು ಕಳೆದರೂ ಅವರು ಸಿಗಲಿಲ್ಲ. ದಾರಿಯುದ್ದಕ್ಕೂ ಬೆಂಚುಗಳು, ಬೆಂಚುಗಳ ಮೇಲೆ ಹೆಸರುಗಳು. ಒಳ್ಳೆಯ ಪದ್ಧತಿ ಎಂದುಕೊಂಡಿದ್ದ ನನಗೆ ಈಗ ಆ ಹಿತ್ತಾಳೆ ಪಟ್ಟಿಗಳು ಬೇಡವಾಗಿದ್ದವು. ಓದದೆ ನಡೆದೆ. ರಾಗಿಗುಡ್ಡದ ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿಸುತ್ತೇನೆಂದು ಹರಕೆ ಹೊತ್ತೆ. ಅಕ್ಕನ ಮುಖಕ್ಕೆ ಏನೆಂದು ಉತ್ತರ ಹೇಳುವುದು ಎಂಬ ಯೋಚನೆ ಬಂದಾಗಲೆಲ್ಲ ಹೆಜ್ಜೆ ದೊಡ್ಡದು ಮಾಡಿದೆ.

ಗುಡ್ಡದ ನೆತ್ತಿ

ಗುಡ್ಡಕ್ಕೆ ನಾನು ಬಂದ ಕಡೆಯಿಂದ ಏರು ಅಷ್ಟಿಲ್ಲ. ನೆತ್ತಿ ತಲುಪುವ ಹೊತ್ತಿಗೆ ಬಾಯಿ ಒಣಗಿತ್ತು. ಅಲ್ಲಿಂದ ಆಚೆಗೆ ದಾರಿ ಕಡಿದಾಗಿ ಇಳಿಯುತ್ತಿತ್ತು. ಭಾವ ಹತ್ತಿ ಬರಬೇಕಾದ ದಾರಿ ಅದು. ಕಣ್ಣು ಹಾಯುವಷ್ಟು ದೂರ ನೋಡಿದೆ. ಸೈಕಲ್ಲಿನ ಇಬ್ಬರು ಬಿಟ್ಟರೆ ಯಾರೂ ಇರಲಿಲ್ಲ.

ಆಗ ಪಕ್ಕದಲ್ಲಿದ್ದ ಮರದ ಕೈಕಂಬ ಕಣ್ಣಿಗೆ ಬಿತ್ತು. ಇಸಬೆಲ್ಲಾ ತೋಟಕ್ಕೆ ದಾರಿ ತೋರಿಸುವ ಕಂಬ. ಅದರ ಕತ್ತಿಗೆ ಭಾವನ ಮಫ್ಲರು ಎರಡು ಸುತ್ತು ಸುತ್ತಿತ್ತು.

ಮಫ್ಲರು ಇದ್ದು ಕತ್ತು ಇಲ್ಲದಿದ್ದರೆ ಏನರ್ಥ? ಯಾರೋ ಅವರನ್ನು ಎತ್ತಿಕೊಂಡು ಹೋಗಿದ್ದಾರೆ, ಬಿದ್ದ ಮಫ್ಲರನ್ನು ಗುರುತಿಗೆಂದು ಕಟ್ಟಿದ್ದಾರೆ ಎಂದೇ ಅನಿಸಿತು. ಈ ಊರಿನಲ್ಲಿ ದಾರಿಯಲ್ಲಿ ಬಿದ್ದ ಕೈಗವಸು, ಮಕ್ಕಳ ಟೋಪಿಗಳನ್ನು ಜನ ಎತ್ತಿ ಬೇಲಿಯ ಮೇಲೆ ಇಟ್ಟಿರುವುದನ್ನು ನಾನು ಎರಡು ದಿನದಿಂದ ನೋಡಿದ್ದೆ. ಕಳೆದುಕೊಂಡವರು ಬಂದು ತೆಗೆದುಕೊಳ್ಳಲಿ ಎಂದು. ಕಂಬ ತೋರಿಸಿದ ಕಡೆಗೆ ಅರ್ಧ ನಡೆದು ಅರ್ಧ ಓಡಿದೆ.

ತೋಟಕ್ಕೆ ಜಿಂಕೆ ನುಗ್ಗದಂತೆ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಒಳಗೆ ಸಣ್ಣ ತೊರೆ, ತೊರೆಯ ಎರಡು ದಡದಲ್ಲೂ ಅಜೇಲಿಯ ಹೂವು. ತೊರೆ ತಿರುಗುವಲ್ಲಿ ಬೆಂಚು. ಬೆಂಚಿನ ಮೇಲೆ ನಮ್ಮ ಭಾವ.

ಶೂ ಬಿಚ್ಚಿ ಪಕ್ಕಕ್ಕಿಟ್ಟು, ಕಾಲುಚೀಲವನ್ನು ಶೂ ಮೇಲೆ ಹರಡಿಕೊಂಡು, ಪಕ್ಕದಲ್ಲಿ ಕೂತಿದ್ದ ಬಿಳಿ ಕೂದಲಿನ ಹೆಂಗಸಿಗೆ ಏನೋ ವಿವರಿಸುತ್ತಿದ್ದರು. ಹೆಂಗಸಿನ ಕಾಲ ಬಳಿ ಕಂದು ನಾಯಿಯೊಂದು ಮಲಗಿತ್ತು. ಭಾವ ನನ್ನನ್ನು ನೋಡಿದರು. ಎದ್ದೇಳಲಿಲ್ಲ.

"ಬಂದ್ಯಾ? ನೀನು ಎದುರಿಂದಾನೇ ಬರ್ತೀಯ ಅಂತ ಈಯಮ್ಮನಿಗೆ ಹೇಳ್ತಾನೇ ಇದ್ದೆ" ಎಂದರು.

ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅರವತ್ತು ದಾಟಿದ ಗಂಡಸು, ಪರದೇಶ, ಅಪರಿಚಿತ ಹೆಂಗಸಿನ ಮುಂದೆ. ನಾಚಿಕೆ ಎನಿಸಲೇ ಇಲ್ಲ. ನಾಯಿ ಎದ್ದು ಬಂದು ನನ್ನ ಕಿವಿ ಮೂಸಿತು.

ಇಸಬೆಲ್ಲಾ ತೋಟ

ಆ ಹೆಂಗಸಿನ ಹೆಸರು ಹೆಲೆನ್. ನಡೆದದ್ದನ್ನು ಅವರೇ ಹೇಳಿದರು. ಅವರು ನಾಯಿಯ ಜೊತೆ ಗುಡ್ಡ ಇಳಿಯುತ್ತಿದ್ದಾಗ ಏರಿನ ಅರ್ಧದಲ್ಲಿ ಭಾವ ನಿಂತಿದ್ದರಂತೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕೈ ಎದೆಯ ಮೇಲಿತ್ತು. ಆಂಬುಲೆನ್ಸ್ ಕರೆಯಲೇ ಎಂದರೆ ಬೇಡ, ನನ್ನದೊಂದು ರೌಂಡ್ ಬಾಕಿಯಿದೆ ಎಂದರಂತೆ. ಅವರು ರೇಗಿ, ಹುಲ್ಲಿನ ಮೇಲೆ ಕೂರಿಸಿ, ಮುಖಕ್ಕೆ ಕಳೆ ಬರದಿದ್ದರೆ ನಿಮ್ಮನ್ನು ಕೇಳದೆ ಫೋನು ಮಾಡುತ್ತೇನೆಂದು ಹೆದರಿಸಿ ಕಾದರು. ಸ್ವಲ್ಪ ಹೊತ್ತಿಗೆ ನೋವು ತಾನಾಗಿ ಇಳಿಯಿತು. ಆಮೇಲೆ ನಿಧಾನವಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಿಸುತ್ತಾ, ನೆರಳಿದೆಯೆಂದು ತೋಟಕ್ಕೆ ಕರೆತಂದರು. ಮಫ್ಲರನ್ನು ಕಂಬಕ್ಕೆ ಸುತ್ತುವ ಉಪಾಯ ಭಾವನದು.

ಮಾತ್ರೆ ತೆಗೆದು ಕೊಡಲು ಹೋದೆ. ಈಗ ನೋವಿಲ್ಲ, ಬೇಡ ಬಿಡು ಎಂದರು. ಪಟ್ಟಿಯನ್ನು ಅವರ ಕೈಯಲ್ಲೇ ಇಟ್ಟೆ. ಅವರು ಅದನ್ನು ಹಿಡಿದುಕೊಂಡೇ ಕೂತರು. ಅಲ್ಲಾ ಭಾವ, ಅಷ್ಟು ದೂರವಾದ ಮೇಲೂ ತಿರುಗಿ ಬರಬಾರದಿತ್ತೇ ಎಂದು ಕೇಳಿದೆ. ಪ್ರತಿ ಗೇಟು ಬಂದಾಗಲೂ ಇದೇ ನಮ್ಮ ಗೇಟು ಎಂದುಕೊಂಡೆ, ಎಲ್ಲ ಒಂದೇ ಥರ ಇವೆ ಎಂದರು. ಆಮೇಲೆ ದನಿ ತಗ್ಗಿಸಿ ಕನ್ನಡದಲ್ಲಿ ನನಗೊಬ್ಬನಿಗೇ ಹೇಳಿದರು.

"ಏರಲ್ಲಿ ನಿಂತಾಗ ಭಯ ಆಯ್ತು ಪ್ರಭ. ಜನ ಇರ್ಲಿಲ್ಲ ಅಂತಲ್ಲ. ಬೇಕಾದಷ್ಟು ಜನ ಹಿಂದಿಂದ ಬಂದು ದಾಟ್ಕೊಂಡು ಹೋದ್ರು. ಯಾರೋ ಮುದುಕ ನಿಂತು ಸುಧಾರಿಸ್ಕೊಳ್ತಾ ಇದಾನೆ ಅಂದ್ಕೊಂಡಿರ್ತಾರೆ. ಅವರಿಗೆ ಕಂಡಿದ್ದು ನನ್ನ ಬೆನ್ನು ತಾನೆ. ಈಯಮ್ಮ ಎದುರಿಂದ ಬಂದ್ರು, ಮುಖ ನೋಡಿದ್ರು."

ಬ್ಯಾಗಿನಲ್ಲಿ ಗುಂಪಿನ ಅಡುಗೆಯವರು ಕಟ್ಟಿಕೊಟ್ಟ ಪುಳಿಯೋಗರೆ ಇತ್ತು. ಡಬ್ಬಿ ತೆರೆದೆ. ಹೆಲೆನ್ ಕೂಡ ನಮ್ಮ ಜೊತೆ ಕೈಯಲ್ಲೇ ತಿಂದರು. ಕಡಲೆಬೀಜ ಸಿಕ್ಕಾಗಲೆಲ್ಲ ಹುಬ್ಬೇರಿಸಿ ಮೆಚ್ಚಿಕೊಂಡರು. ನಾಯಿ ಒಂದು ಅಗುಳು ಮೂಸಿ ಸೀನಿತು, ಒಂದೊಂದೇ ಸೀನು ಸೀನುತ್ತಾ ತೊರೆಯವರೆಗೂ ಹೋಗಿ ನೀರು ಕುಡಿಯಿತು. ಭಾವ ನಗುವುದಕ್ಕೆ ಶುರು ಮಾಡಿದರು. ಅವರು ನಕ್ಕದ್ದು ನೋಡಿ ನನಗೂ ತಡೆಯಲಾಗಲಿಲ್ಲ.

ಹೂವು ನನ್ನ ಕಣ್ಣಿಗೆ ಕಂಡದ್ದು ಆ ಮೇಲೆಯೇ. ಚಿಕ್ಕಪೇಟೆಯ ಅಂಗಡಿಯವನು ಮದುವೆ ಗಿರಾಕಿಗೆಂದು ಎಲ್ಲ ಸೀರೆಗಳನ್ನೂ ಬಿಚ್ಚಿ ಹರಡಿದ ಹಾಗಿತ್ತು ಆ ತೋಟ. ರಾಣಿ ಬಣ್ಣ, ಕನಕಾಂಬರ ಬಣ್ಣ, ಹಾಲಿನಂಥ ಬಿಳಿ, ನೇರಳೆ. ಬಿದ್ದ ಎಸಳುಗಳು ತೊರೆಯಲ್ಲಿ ತೇಲಿಕೊಂಡು ಹೋಗುತ್ತಿದ್ದವು. ಗಾಜಿನಮನೆಯ ಫ್ಲವರ್ ಶೋನಲ್ಲಿ ನಾವು ಹೂವು ನೋಡುವುದು ಮುಂದಿನವರ ತಲೆಯ ಸಂದಿನಲ್ಲಿ, ಹಿಂದಿನವರು ತಳ್ಳಿದ ವೇಗದಲ್ಲಿ. ಇಲ್ಲಿ ತಳ್ಳುವವರಿರಲಿಲ್ಲ. ನಾವು ಮೂವರೂ ಎಷ್ಟೋ ಹೊತ್ತು ಕೂತೆವು. ಭಾವನ ಉಸಿರು ಸಮನಾಗಿ ಹೋಗಿ ಬರುತ್ತಿತ್ತು. ನಾನು ಹೂವು ನೋಡುತ್ತಾ ಆ ಉಸಿರನ್ನು ಕೇಳುತ್ತಿದ್ದೆ. ಅದಕ್ಕಿಂತ ಒಳ್ಳೆಯ ಮಧ್ಯಾಹ್ನ ನನಗೆ ಯಾವ ಊರಿನಲ್ಲೂ ಸಿಕ್ಕಿಲ್ಲ.

ಹೆಲೆನ್ ತಮ್ಮ ಕಾರಿನಲ್ಲಿ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟರು. ಪಾರ್ಕಿನ ಒಳರಸ್ತೆಯಲ್ಲಿ ಕಾರು ಹೋಗುವಾಗ ಭಾವ ಕಿಟಕಿಯಿಂದ ಹೊರಗೆ ನೋಡಿ, ಅಂತೂ ರೌಂಡ್ ಮುಗೀತು ಎಂದರು.

ಮತ್ತೆ ಹೋಟೆಲು

ಅಕ್ಕನಿಗೆ ಈಗಲೇ ಹೇಳುವುದು ಬೇಡ, ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳೋಣ ಎಂದು ರೈಲಿನಲ್ಲಿ ಇಬ್ಬರೂ ಮಾತಾಡಿಕೊಂಡಿದ್ದೆವು. ಲಾಬಿಯಲ್ಲಿ ಅಕ್ಕ ಕಾಯುತ್ತಿದ್ದಳು. ಮೇಣದ ಬೊಂಬೆಗಳ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ತೋರಿಸಲು ಫೋನು ಎತ್ತಿದವಳು ಗಂಡನ ಕತ್ತು ನೋಡಿ ನಿಂತಳು.

"ಮಫ್ಲರ್ ಎಲ್ಲಿ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಫ್ಲರು ಗುಡ್ಡದ ಮೇಲೆ ಕಂಬದ ಕತ್ತಿನಲ್ಲೇ ಉಳಿದಿತ್ತು. ಸೆಖೆಯಾಯಿತೆಂದು ಬಿಚ್ಚಿ ಎಲ್ಲೋ ಮರೆತೆವು ಎಂದು ನಾನು ಶುರು ಮಾಡಿದೆ. ಭಾವ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಸೋಫಾದಲ್ಲಿ ಕೂತು, ಒಂದೂ ಬಿಡದೆ ಎಲ್ಲವನ್ನೂ ಅಕ್ಕನಿಗೆ ಹೇಳಿದರು.

ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅಕ್ಕ ಬೈಯಲಿಲ್ಲ. ಕೈ ಚಾಚಿ ಮಾತ್ರೆಯ ಪಟ್ಟಿ ಕೇಳಿ ತೆಗೆದುಕೊಂಡಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ, ಪಟ್ಟಿಯನ್ನು ಭಾವನ ಜೇಬಿನೊಳಗೆ ಇಟ್ಟು, ಬಟ್ಟೆಗೆ ಸೇರಿಸಿ ಚುಚ್ಚಿದಳು. ಅವಳ ಬ್ಯಾಗಿನಲ್ಲೂ ನನ್ನ ಜೇಬಿನಲ್ಲೂ ತಿರುಗಿದ ಪಟ್ಟಿ ಅದು ಸೇರಬೇಕಾದ ಜೇಬನ್ನು ಕೊನೆಗೂ ಸೇರಿತು. ಆಮೇಲೆ ನನ್ನ ಕಡೆ ತಿರುಗಿ, ಊಟ ಮಾಡಿದೆಯಾ ಎಂದು ಕೇಳಿದಳು. ಅಂದೇ ಸಂಜೆ ಹೋಟೆಲಿನವರು ಕರೆಸಿದ ಡಾಕ್ಟರು ಬಂದು ನೋಡಿ, ಸದ್ಯಕ್ಕೆ ಗಾಬರಿಯಿಲ್ಲ, ಊರಿಗೆ ಹೋದ ತಕ್ಷಣ ನಿಮ್ಮ ಡಾಕ್ಟರಿಗೆ ತೋರಿಸಿ ಎಂದರು.

ಮತ್ತೆ ಜಯನಗರ

ಬೆಂಗಳೂರಿಗೆ ಬಂದ ಮೇಲೆ ನಮ್ಮ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಒಂದು ಮಾತ್ರೆ ಬದಲಾಯಿಸಿ, ಮತ್ತೆ ನಡೆಯಲು ಒಪ್ಪಿಗೆ ಕೊಟ್ಟರು. ಒಂದೇ ಷರತ್ತು, ಲಂಡನ್ನಿನಲ್ಲಿ ಬೇಡ. ರಾಗಿಗುಡ್ಡದಲ್ಲಿ ಆಂಜನೇಯನಿಗೆ ಬೆಣ್ಣೆ ಅಲಂಕಾರವಾಯಿತು. ಭಾವ ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ಕೈ ಮುಗಿದರು.

ಮೊನ್ನೆ ಬೆಳಿಗ್ಗೆ ನಾನು ಪಾರ್ಕಿನಲ್ಲಿ ಎಂದಿನಂತೆ ಎದುರಿನಿಂದ ನಡೆಯುತ್ತಿದ್ದೆ. ಕುಮಾರಸ್ವಾಮಿ ಲೇಔಟಿನಿಂದ ಹೊಸದಾಗಿ ನಮ್ಮ ಬೀದಿಗೆ ಮನೆ ಬದಲಾಯಿಸಿ ಬಂದಿರುವ ಯಜಮಾನರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಬೋರ್ಡು ನೋಡಿಲ್ಲವೇ, ಇಷ್ಟು ವಯಸ್ಸಾದ ನೀವೇ ಹೀಗೆ ಉಲ್ಟಾ ನಡೆದರೆ ಹೇಗೆ ಎಂದು ವಿಚಾರಿಸಿದರು. ಅಷ್ಟರಲ್ಲಿ ಭಾವ ತಮ್ಮ ರೌಂಡಿನಲ್ಲಿ ಅಲ್ಲಿಗೆ ಬಂದರು. ತಮ್ಮ ಪಕ್ಷಕ್ಕೆ ಒಬ್ಬರು ಸಿಕ್ಕರೆಂದು ಆ ಯಜಮಾನರು ಬೋರ್ಡಿನ ಕಡೆ ಕೈ ತೋರಿಸಿದರು.

ಭಾವ ಬೋರ್ಡು ನೋಡಿದರು, ನನ್ನನ್ನು ನೋಡಿದರು. ಅವರ ಕೈ ಒಂದು ಸಲ ಜೇಬಿನ ಮೇಲೆ ಆಡಿತು.

"ಬೋರ್ಡ್ ಹಾಕ್ಸಿದ್ದು ನಾನೇ ಸಾರ್. ಅವನೊಬ್ಬ ಎದುರಿಂದ ಬರ್ಲಿ ಬಿಡಿ. ನನ್ನ ಮುಖ ನೋಡೋಕೆ ಒಬ್ಬರು ಬೇಕು" ಎಂದು ಹೇಳಿ, ಕೈ ಬೀಸುತ್ತಾ ಮುಂದೆ ನಡೆದರು.